ಯಾವ ಕೈ ಎಂದು ಕೇಳದ ಬಂದೂಕು

ಬಂದೂಕು ಕೊಳ್ಳುತ್ತೇನೆ ಎಂದು ನಾನು ಹೇಳಿದ ದಿನ ಮೆಲ್ಬರ್ನಿನ ನಮ್ಮ ಟ್ರುಗನಿನಾ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಜಗಳವಾಡಬೇಕಾದರೆ ಮೊದಲು ಅವರು ನನ್ನ ಮಾತನ್ನು ನಂಬಬೇಕಿತ್ತಲ್ಲ. ಗಂಡ ಲ್ಯಾಪ್‌ಟಾಪಿನಿಂದ ತಲೆ ಎತ್ತದೆಯೇ, "ಮೊದ್ಲು ಆ ಏರ್ ಫ್ರೈಯರ್ ರಿಟರ್ನ್ ಮಾಡು, ಆಮೇಲೆ ಬಂದೂಕು ತಗೊಳ್ಳುವಂತೆ" ಎಂದ. ಅವನು ಮೈಸೂರಿನವನು, ಸಿಟ್ಟಿಗಿಂತ ಮೊದಲು ಅವನಿಗೆ ತಮಾಷೆ ಬರುತ್ತದೆ. ಹದಿನೈದರ ಮಗಳು, "ಮಮ್ಮೀ, ಯು ಕಾಂಟ್ ಈವನ್ ಕಟ್ ಎ ಕೇಕ್ ಸ್ಟ್ರೇಟ್" ಎಂದಳು.

ಅದು ನಿಜವೇ. ನಲವತ್ತೆಂಟು ವರ್ಷಗಳಲ್ಲಿ ನನ್ನ ಕೈಯಿಂದ ನೆಟ್ಟಗೆ ಬಂದ ವಸ್ತು ಒಂದೂ ಇಲ್ಲ. ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ. ನಾನು ಲಟ್ಟಿಸಿದ ಚಪಾತಿಯನ್ನು ಭೂಪಟದಂತೆ ಎತ್ತಿ ಹಿಡಿದು ಗಂಡ, "ಇವತ್ತು ಟಾಸ್ಮೇನಿಯಾನಾ?" ಎಂದು ಕೇಳುತ್ತಾನೆ. ನಾನೂ ನಗುತ್ತೇನೆ. ಆದರೆ ಒಳಗೊಳಗೇ ನನಗೆ ಒಂದು ಸಂಗತಿ ಗೊತ್ತಾಗಬೇಕಿತ್ತು. ನನ್ನ ಕೈ ಹುಟ್ಟಿನಿಂದಲೇ ಕೆಟ್ಟದ್ದೋ, ಅಥವಾ ಅವ್ವ ಅದನ್ನು ಕೆಡಿಸಿದಳೋ? ಇದನ್ನು ಗಂಡನಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ನಾನು ಹುಟ್ಟಾ ಎಡಚಿ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅದು ನಾಲ್ಕು ಜನರ ಮುಂದೆ ಮುಚ್ಚಿಡುವ ಸಂಗತಿ. ಎಡಗೈಲೆ ಉಣ್ಣಬಾರದು, ಎಡಗೈಲೆ ಕೊಡಬಾರದು, ಎಡಗೈಲೆ ಇಸಗೊಳ್ಳಬಾರದು. ಅವ್ವ ನನ್ನನ್ನು ಬಡಿಯಲಿಲ್ಲ, ಬೈಯಲೂ ಇಲ್ಲ. ತನ್ನದೊಂದು ಹಳೆಯ ಇಳಕಲ್ ಸೀರೆಯನ್ನು ಹರಿದು ಎರಡು ಬೆರಳಗಲದ ಪಟ್ಟಿ ಮಾಡಿಕೊಂಡಳು. ನಾನು ಊಟಕ್ಕೆ ಕುಳಿತಾಗ, ಪಾಟಿ ಬಳಪ ಹಿಡಿದಾಗ, ಆ ಪಟ್ಟಿಯಿಂದ ನನ್ನ ಎಡ ಮುಂಗೈಯನ್ನು ಲಂಗದ ಲಾಡಿಗೆ ಕಟ್ಟುತ್ತಿದ್ದಳು. ನೂರಾರು ಸಲ ಒಗೆದು ಬೆಣ್ಣೆಯಂತೆ ಮೆತ್ತಗಾಗಿದ್ದ ಅರಿವೆ ಅದು. ಗಂಟೂ ಸಡಿಲ. ಜಗ್ಗಿದರೆ ಬಿಚ್ಚಿಕೊಳ್ಳುತ್ತಿತ್ತು, ಆದರೆ ಜಗ್ಗುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ಒಂದು ಸಲ ಮಾತ್ರ ಬಾಯಿ ಮಾಡಿದೆ. ಅವ್ವ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕೊರಳಲ್ಲಿನ ಇಷ್ಟಲಿಂಗವನ್ನು ತೆಗೆದು ಎಡ ಅಂಗೈ ಮೇಲಿಟ್ಟುಕೊಂಡು, ಬಲಗೈಯಿಂದ ಪೂಜೆ ಮಾಡುತ್ತಿದ್ದಳು. ನಮ್ಮವರಲ್ಲಿ ಅದೇ ಪದ್ಧತಿ. ಆ ಅಂಗೈಯಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ, ಹುಣಸೆ ಬೀಜದಷ್ಟು ದೊಡ್ಡ ಸುಟ್ಟ ಕಲೆಯೊಂದಿತ್ತು. ಏನದು ಎಂದರೆ "ರೊಟ್ಟಿ ಹಂಚಿಂದು" ಎನ್ನುತ್ತಿದ್ದಳು. ಆ ದಿನ ನಾನು ಕಲೆಯ ಬಗ್ಗೆ ಕೇಳಲಿಲ್ಲ.

"ದಿನಾ ಲಿಂಗಪ್ಪನ್ನ ಎಡಗೈಯಾಗ ಹಿಡಿತಿಯಲ್ಲವ್ವಾ, ಮತ್ತ ನನ್ನ ಎಡಗೈ ಅಷ್ಟ ಯಾಕ ಹೊಲಸು?"

ಅವ್ವ ಪೂಜೆ ಮುಗಿಸಿ, ಲಿಂಗವನ್ನು ಕೊರಳಿಗೆ ಹಾಕಿಕೊಂಡ ಮೇಲೆ ಉತ್ತರ ಕೊಟ್ಟಳು. "ಅದು ಹಿಡಿಯೂ ಕೈ ನನ್ನವ್ವ. ಮಾಡೂ ಕೈ ಅಲ್ಲ."

ಎಡಗೈಯನ್ನು ಹಿಡಿಯುವುದಕ್ಕಷ್ಟೇ ಬಿಟ್ಟೆ. ಬಲಗೈ ಕಲಿತೆ. ಅವ್ವನದೂ ಬಲಗೈಯೇ, ಆದರೂ ಅವಳ ರಂಗೋಲಿ ಓಣಿಗೇ ನಗೆಪಾಟಲು. ಅಪ್ಪ ಇದ್ದಾಗ ಬಾಗಿಲಲ್ಲಿ ನಿಂತು, "ನಮ್ಮ ಮನಿ ಮುಂದ ಹಾವು ಹರದಾಡ್ಯಾವ, ಸಂಭಾಳಿಸಿ ಬರ್ರೀ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹಬ್ಬದ ದಿನ ಅವಳು ಬಾಗಿಲಿಗೆ, ಬೀಸುವ ಕಲ್ಲಿಗೆ ಎಳೆಯುವ ವಿಭೂತಿಯ ಮೂರು ಗೆರೆಗಳೂ ಒಂದು ಕಡೆಗೆ ಜಾರಿಕೊಂಡು ಹೋಗುತ್ತಿದ್ದವು. ಸೊಟ್ಟ ಕೈ ನಮ್ಮ ವಂಶಕ್ಕೇ ಅಂಟಿಕೊಂಡದ್ದು ಎಂದುಕೊಂಡು ಸುಮ್ಮನಾಗಿದ್ದೆ.

ಕಾಲೇಜಿಗೆ ಬಂದಾಗ ಖಾಕಿ ಹಾಕಿ ಪರೇಡ್ ಮಾಡುವ ಕೆಡೆಟ್ ಹುಡುಗಿಯರ ಗುಂಪಿಗೆ ಸೇರಿದೆ. ಪರೇಡಿನಲ್ಲಿ ನಾನು ಗಟ್ಟಿಗಿತ್ತಿ. ದಿಲ್ಲಿಯ ಗಣರಾಜ್ಯೋತ್ಸವದ ಕ್ಯಾಂಪಿಗೆ ನನ್ನ ಹೆಸರು ಬರುವುದು ಖಾತ್ರಿ ಎಂದು ಎಲ್ಲರೂ ಹೇಳುತ್ತಿದ್ದರು. ಉಳಿದದ್ದು ಫೈರಿಂಗ್ ಒಂದೇ. ನೆಲದ ಮೇಲೆ ಬೋರಲಾಗಿ ಮಲಗಿ, ಬಲ ಭುಜಕ್ಕೆ ಬಂದೂಕು ಆನಿಸಿ, ಐದು ಗುಂಡು ಹೊಡೆದೆ. ನನ್ನ ಕಾಗದದಲ್ಲಿ ಒಂದು ತೂತೂ ಇಲ್ಲ. ಎಡಕ್ಕೆ ಮಲಗಿದ್ದ ಗೆಳತಿಯ ಕಾಗದದಲ್ಲಿ ಎಂಟು ತೂತು! ಅವಳು ಹೊಡೆದದ್ದೂ ಐದೇ. ತರಬೇತಿಯ ಹವಾಲ್ದಾರ ಎರಡೂ ಕಾಗದಗಳನ್ನು ಎತ್ತಿ ತೋರಿಸಿ ಹಿಂದಿಯಲ್ಲಿ, ಈ ಹುಡುಗಿ ಬಹಳ ದಾನಿ ಎಂದ. ಮೈದಾನವೆಲ್ಲ ನಕ್ಕಿತು. ದಿಲ್ಲಿಗೆ ಗೆಳತಿ ಹೋದಳು.

ಅದೆಲ್ಲ ಮರೆತೇ ಹೋಗಿತ್ತು ಎಂದುಕೊಂಡಿದ್ದೆ. ಆಸ್ಟ್ರೇಲಿಯಾಕ್ಕೆ ಬಂದು ಸಿಡ್ನಿಯ ಮಾರ್ಸ್ಡನ್ ಪಾರ್ಕಿನಲ್ಲಿ ರೆಂಟಿಗಿದ್ದಾಗ ನಾನು ನಾರ್ತ್ ಸಿಡ್ನಿಯ ಒಂದು ಆಫೀಸಿಗೆ ಹೋಗುತ್ತಿದ್ದೆ. ಟೀಮಿನವರು ಒಂದು ಶುಕ್ರವಾರ ಊರ ಹೊರಗಿನ ಶೂಟಿಂಗ್ ರೇಂಜಿಗೆ ಔಟಿಂಗ್ ಇಟ್ಟುಕೊಂಡರು. ಮೂಲೆಯಲ್ಲಿ ನಿಂತು ಫೋಟೊ ತೆಗೆದುಕೊಡೋಣ ಎಂದುಕೊಂಡೇ ಹೋದೆ. ಬಿಡಬೇಕಲ್ಲ! ಬಲ ಭುಜಕ್ಕೆ ಆನಿಸಿದೆ, ಹೊಡೆದೆ, ಕಾಗದ ಮತ್ತೆ ಸ್ವಚ್ಛ. ಟೀಮಿನ ಹುಡುಗರು ಚಪ್ಪಾಳೆ ತಟ್ಟಿದರು.

ಅಲ್ಲಿ ನೋಡಿಕೊಳ್ಳುತ್ತಿದ್ದವಳು ಬೆಳ್ಳಿ ಕೂದಲಿನ ಹೆಂಗಸು. ಅವಳು ನಗಲಿಲ್ಲ. ಬಂದೂಕನ್ನು ತೆಗೆದಿರಿಸಿ, ಎರಡೂ ಕೈ ಮುಂದೆ ಚಾಚು ಎಂದಳು. ಅಂಗೈಗಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ, ನಡುವೆ ಒಂದು ಸಣ್ಣ ಕಿಂಡಿ ಬಿಟ್ಟು, ಆ ಕಿಂಡಿಯಿಂದ ದೂರದ ಕಂಬವನ್ನು ನೋಡಲು ಹೇಳಿದಳು. ನೋಡಿದೆ. ಎಡಗಣ್ಣು ಮುಚ್ಚು ಎಂದಳು. ಮುಚ್ಚಿದೆ, ಕಂಬ ಮಾಯ. ಈಗ ಬಲಗಣ್ಣು ಮುಚ್ಚು ಎಂದಳು. ಕಂಬ ತನ್ನ ಜಾಗದಲ್ಲೇ ನಿಂತಿತ್ತು.

"ನಿನ್ನ ಯಜಮಾನ ಕಣ್ಣು, ಅಂದರೆ ಗುರಿ ಹಿಡಿಯೋ ಕಣ್ಣು, ಎಡಗಣ್ಣು. ನೀನು ಬರೆಯೋದು ಯಾವ ಕೈಯಲ್ಲಿ?" ಎಂದು ಕೇಳಿದಳು.

"ಬಲಗೈ" ಎಂದೆ.

"ಹುಟ್ಟಿದಾಗಿನಿಂದಲೂ?"

ನಾನು ಎಡಗೈಯನ್ನು ಬೆನ್ನ ಹಿಂದೆ ಸರಿಸಿದೆ. ಅವಳು ಮತ್ತೆ ಕೇಳಲಿಲ್ಲ. ಒಳಗೆ ಹೋಗಿ ಬೇರೊಂದು ಬಂದೂಕು ತಂದಳು. ಗುಂಡು ತುಂಬಲು ಎಳೆಯುವ ಪಕ್ಕದ ಹಿಡಿಕೆ ಅದರಲ್ಲಿ ಇರಲಿಲ್ಲ. ಕೆಳಗಡೆ, ಟ್ರಿಗರ್ ಒತ್ತುವ ಜಾಗದ ಹಿಂದೆ, ನಾಲ್ಕು ಬೆರಳು ತೂರುವಷ್ಟು ದೊಡ್ಡದೊಂದು ಕಬ್ಬಿಣದ ಬಳೆ ಇತ್ತು. ಬಳೆಯನ್ನು ಕೆಳಕ್ಕೆ ದೂಡಿ ಮತ್ತೆ ಮೇಲಕ್ಕೆ ಎಳೆದರೆ ಹೊಡೆದ ಗುಂಡಿನ ಖಾಲಿ ಕೋಶ ಹೊರಗೆ ಹಾರುತ್ತದೆ, ಹೊಸ ಗುಂಡು ಒಳಗೆ ಕೂರುತ್ತದೆ. ಇದನ್ನು ಲಿವರ್ ಆ್ಯಕ್ಷನ್ ಅನ್ನುತ್ತಾರೆ. ಎಡ ಭುಜಕ್ಕೆ ಆನಿಸಿಕೋ ಎಂದಳು.

ಆನಿಸಿಕೊಂಡೆ. ಅದನ್ನು ಹೇಗೆ ಹೇಳಲಿ? ಬೇರೆಯವರ ಚಪ್ಪಲಿ ಹಾಕಿಕೊಂಡು ದಿನವಿಡೀ ಓಡಾಡಿದವಳಿಗೆ ಬಾಗಿಲಲ್ಲಿ ತನ್ನ ಚಪ್ಪಲಿ ಸಿಕ್ಕ ಹಾಗೆ. ನನ್ನ ಕೆನ್ನೆಗೆ ಅಲ್ಲಿ ಜಾಗವಿತ್ತು. ಕಣ್ಣು ತಾನಾಗಿಯೇ ಹೋಗಿ ಬಂದೂಕಿನ ತುದಿಯಲ್ಲಿದ್ದ ಗುರಿಯ ಮೊಳೆಗೆ ಕೂತಿತು. ಗಾಳಿ, ಹುಡುಗರ ಗಲಾಟೆ, ಎಲ್ಲ ನಿಂತುಹೋಯಿತು. ನನ್ನ ಉಸಿರೊಂದೇ ಕೇಳುತ್ತಿತ್ತು. ಒತ್ತಿದೆ. ಕಾಗದದ ಕರಿ ಚುಕ್ಕೆಯ ಅಂಚಿಗೆ ಒಂದು ತೂತು ಬಿತ್ತು. ನನ್ನ ಕಾಗದಕ್ಕೆ, ಪಕ್ಕದವರದ್ದಕ್ಕಲ್ಲ. ನನಗೆ ಅಳು ಬಂತು. ಹೊಗೆ ಕಣ್ಣಿಗೆ ಹೋಯಿತು ಎಂದು ಸುಳ್ಳು ಹೇಳಿದೆ, ಹೊಗೆಯೇ ಇರಲಿಲ್ಲ.

ಆಮೇಲೆ ಗಂಡನ ಕೆಲಸಕ್ಕಾಗಿ ಮೆಲ್ಬರ್ನಿಗೆ ಬಂದೆವು, ಟ್ರುಗನಿನಾದಲ್ಲಿ ಮಾರ್ಟ್‌ಗೇಜಿನ ಮನೆಯಾಯಿತು, ಸಿಟಿಜನ್‌ಶಿಪ್ಪೂ ಆಯಿತು. ಆ ಒಂದು ತೂತು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಅದು ನಿಜವೋ, ಕುರುಡು ಅದೃಷ್ಟವೋ? ಒಂದು ತೂತಿನಿಂದ ಏನೂ ಸಾಬೀತಾಗುವುದಿಲ್ಲ. ನನ್ನದೇ ಒಂದು ಬಂದೂಕು ಬೇಕು, ನೂರು ಸಲ ಹೊಡೆದು ನೋಡಬೇಕು ಅನ್ನಿಸಿತು. ಹೀಗೆ ನಾನು ಆ ದಿನ ಊಟದ ಟೇಬಲ್ಲಿನಲ್ಲಿ ಬಂದೂಕಿನ ಮಾತು ತೆಗೆದದ್ದು.

ಇಲ್ಲಿ ಬಂದೂಕು ಸುಲಭಕ್ಕೆ ಸಿಗುವುದಿಲ್ಲ. ಕ್ಲಬ್ಬಿನ ಸದಸ್ಯಳಾಗಬೇಕು, ಸುರಕ್ಷತೆಯ ಪಾಠ ಕಲಿತು ಪಾಸಾಗಬೇಕು, ಪೊಲೀಸರಿಂದ ಲೈಸೆನ್ಸ್ ಬರಬೇಕು, ಗೋಡೆಗೆ ಬಿಗಿದ ಉಕ್ಕಿನ ಕಪಾಟು ಇರಬೇಕು. ನಾನು ಪುಸ್ತಕವನ್ನು ಬಾಯಿಪಾಠ ಮಾಡಿದೆ. ಬರವಣಿಗೆಯ ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲ. ಅದೇ ಜಂಬದಲ್ಲಿ ಕ್ಲಬ್ಬಿನ ರೇಂಜಿಗೆ ಕೈಪರೀಕ್ಷೆಗೆ ಹೋದೆ.

ಪರೀಕ್ಷೆ ಮಾಡುವವನು ಎಪ್ಪತ್ತು ದಾಟಿದ ಅಜ್ಜ. ಕುರಿ ಸಾಕುವ ಸೀಮೆಯಲ್ಲಿ ಬೆಳೆದವನು, ಮಾತು ಕಡಿಮೆ. ಬಂದೂಕಿನ ಮೂತಿ ಯಾವಾಗಲೂ ಎದುರಿನ ಮಣ್ಣಿನ ದಿಬ್ಬದ ಕಡೆಗೇ ಇರಬೇಕು, ಇದೊಂದೇ ನಿಯಮ ನೆನಪಿಟ್ಟರೆ ಉಳಿದದ್ದು ತಾನಾಗಿ ಬರುತ್ತದೆ ಎಂದು ಮೂರು ಸಲ ಹೇಳಿದ. ನಾನು ಮೂರು ಸಲ ತಲೆಯಾಡಿಸಿದೆ. ಅವನು ಖಾಲಿ ಬಂದೂಕನ್ನು ತೆರೆದು ತೋರಿಸಿ, ನನ್ನ ಎರಡೂ ಕೈಗಳ ಮೇಲೆ ಇಟ್ಟ.

ನಾನು ಅದನ್ನು ಅಡ್ಡಲಾಗಿ ಎತ್ತಿ ಕಣ್ಣಿಗೊತ್ತಿಕೊಂಡೆ.

ಬೇಕೆಂದು ಮಾಡಿದ್ದಲ್ಲ. ಹೊಸ ಪುಸ್ತಕ, ಮೊದಲ ಸಂಬಳ, ಮನೆಯ ಬೀಗದ ಕೈ, ಕೈಗೆ ಬಂದ ಗೌರವದ ವಸ್ತುವೆಲ್ಲ ನನ್ನ ಕಣ್ಣಿಗೆ ತಾಗಿಯೇ ಮುಂದೆ ಹೋಗುತ್ತದೆ. ಕೈಗೂ ಕಣ್ಣಿಗೂ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಣ್ಣು ಬಿಟ್ಟು ನೋಡಿದರೆ ನನ್ನ ಎಡಕ್ಕೆ ನಿಂತಿದ್ದ ನಾಲ್ಕು ಜನ ಬಗ್ಗಿದ್ದರು, ಒಬ್ಬ ನೆಲದ ಮೇಲೇ ಕೂತಿದ್ದ. ಬಂದೂಕಿನ ಮೂತಿ ನೇರ ಅವರ ಎದೆಗೆ. ಅಜ್ಜ ಒಂದು ಬೆರಳಿನಿಂದ ಮೂತಿಯನ್ನು ಮೆಲ್ಲಗೆ ದಿಬ್ಬದ ಕಡೆ ತಿರುಗಿಸಿದ. "ಇವತ್ತಿಗೆ ಸಾಕು, ಮೇಟ್" ಎಂದ. ಹಿಂದಿನಿಂದ ಯಾರೋ, "ಅವಳು ಅದಕ್ಕೆ ಮುತ್ತು ಕೊಟ್ಟಳಾ?" ಎಂದು ಕೇಳುವುದು ಕಿವಿಗೆ ಬಿತ್ತು.

ಫೇಲ್. ಒಂದು ತಿಂಗಳು ಬಿಟ್ಟು ಬಾ ಎಂದರು. ಕಾರಿನಲ್ಲಿ ಕೂತು ಸ್ಟೀರಿಂಗಿಗೆ ಹಣೆ ಚಚ್ಚಿಕೊಂಡೆ. ನನಗೆ ನನ್ನ ಮೇಲೆಯೇ ಎಷ್ಟು ಸಿಟ್ಟು ಬಂದಿತ್ತೆಂದರೆ ಮನೆಗೆ ಬಂದು ಏರ್ ಫ್ರೈಯರ್ ರಿಟರ್ನ್ ಮಾಡಿದೆ.

ತಿಂಗಳ ಮೇಲೆ ಮತ್ತೆ ಹೋದಾಗ ಅಜ್ಜ ನನ್ನನ್ನು ಪಕ್ಕಕ್ಕೆ ಕರೆದು, ಅವತ್ತು ಮಾಡಿದ್ದು ಏನು ಎಂದು ಕೇಳಿದ. ನಾಚಿಕೆಯಿಂದಲೇ ವಿವರಿಸಿದೆ. ಅವನು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ.

"ಆ ವಸ್ತು ನಿನ್ನ ಹತ್ತಿರ ಬರಲೇಬೇಕಾ? ನೀನೇ ಅದರ ಹತ್ತಿರ ಹೋದರೆ ಆಗೋದಿಲ್ವಾ?"

ಅವನು ಬಂದೂಕನ್ನು ಮೇಜಿನ ಮೇಲೆ, ಮೂತಿ ದಿಬ್ಬದ ಕಡೆಗೆ ಮಾಡಿ ಇಟ್ಟ. ನಾನು ಬಗ್ಗಿ, ಅದರ ಮರದ ಹಿಂಬದಿಗೆ ಹಣೆ ಮುಟ್ಟಿಸಿದೆ. ಎದ್ದು ನೋಡಿದರೆ ಅಜ್ಜ ತನ್ನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ನಮ್ಮ ಪದ್ಧತಿ ಗೊತ್ತಿಲ್ಲದವನಿಗೆ ಅದರ ಅರ್ಥ ಇಷ್ಟು ಸರಿಯಾಗಿ ಹೇಗೆ ತಿಳಿಯಿತು ಎಂದು ಇವತ್ತಿಗೂ ನನಗೆ ಬೆರಗು. ಆ ದಿನ ಪಾಸಾದೆ.

ಲೈಸೆನ್ಸ್ ಬಂದ ಮೇಲೆ ಅಂಗಡಿಗೂ ಅವನೇ ಜೊತೆಗೆ ಬಂದ. "ಒಬ್ಬಳೇ ಹೋದರೆ ನಿನಗೆ ಗುಲಾಬಿ ಬಣ್ಣದ್ದನ್ನು ಮಾರುತ್ತಾರೆ" ಎಂದ. ನನಗೆ ಬೇಕಾದದ್ದು ಪಾಯಿಂಟ್ ಟೂ ಟೂ, ಅಂದರೆ ಸಣ್ಣ ಗುಂಡಿನದು. ಗುಂಡು ಪೆನ್ಸಿಲಿಗಿಂತ ತೆಳ್ಳಗೆ, ಭುಜಕ್ಕೆ ಒದೆಯುವುದಿಲ್ಲ, ಕಾಗದಕ್ಕೆ ತೂತು ಮಾಡುವುದಕ್ಕೆ ಅದು ಧಾರಾಳವಾಯಿತು. ಅಂಗಡಿಯ ಹುಡುಗ ಮೊದಲು ಪಕ್ಕದ ಹಿಡಿಕೆಯ ಬಂದೂಕು ತೆಗೆದ. ಬಾಗಿಲ ಅಗಳಿ ಇದ್ದ ಹಾಗೆ ಹಿಡಿಕೆ ಬಲಗಡೆಗೆ. ಎಡಚರು ಅದನ್ನು ಎಳೆಯಲು ಬಂದೂಕಿನ ಮೇಲಿಂದ ಕೈ ದಾಟಿಸಬೇಕು. ಎಡಚರಿಗೇ ಮಾಡಿದ್ದೂ ಇದೆ, ಆದರೆ ಆರ್ಡರ್ ಹಾಕಿ ತರಿಸಬೇಕು, ಸಮಯ ಹಿಡಿಯುತ್ತದೆ ಎಂದ. ನನಗೆ ಯಾಕೋ ಅದು ಹಿಡಿಸಲಿಲ್ಲ. ಎಡಚರದ್ದು ಎಂದು ಬೇರೆ ಇಟ್ಟ ತಟ್ಟೆಯಲ್ಲಿ ಉಂಡ ಹಾಗೆ ಆಗುತ್ತದೆ.

ಎರಡನೆಯದು ಲಿವರಿನದು, ಹೊಳೆಯುವ ಹಿತ್ತಾಳೆಯ ಹೊಟ್ಟೆ, ನೋಡಲು ಮದುಮಗನಂತೆ. ಎತ್ತಿದರೆ ಭಾರ, ಹಿಂಬದಿ ಉದ್ದ, ನನ್ನ ಐದಡಿಯ ಮೈಗೆ ಟ್ರಿಗರ್ ಎಟುಕುವುದೇ ಕಷ್ಟ. ಅಜ್ಜ ಬೇಡವೆಂದು ತಲೆಯಾಡಿಸಿದ. ಮೂರನೆಯದಕ್ಕೆ ಅಲಂಕಾರವೇನೂ ಇಲ್ಲ. ಕಪ್ಪು ಉಕ್ಕು, ಅಕ್ರೋಟು ಮರದ ಗಿಡ್ಡ ಹಿಂಬದಿ, ಕೆಳಗೆ ಆ ಕಬ್ಬಿಣದ ಬಳೆ. ಗೋಡೆಯ ಕಡೆಗೆ ಮೂತಿ ಮಾಡಿ ಎಡ ಭುಜಕ್ಕೆ ಆನಿಸಿದೆ. ಬಳೆಯಲ್ಲಿ ಬೆರಳು ತೂರಿಸಿ ಕೆಳಕ್ಕೆ ದೂಡಿದೆ, ಎಳೆದೆ. ಬಲ ಭುಜಕ್ಕೆ ಬದಲಾಯಿಸಿ ಮತ್ತೆ ಮಾಡಿದೆ. ಒಂದು ಕೂದಲಿನಷ್ಟೂ ವ್ಯತ್ಯಾಸ ಇಲ್ಲ.

"ನಿಜ ಹೇಳಬೇಕಂದ್ರೆ ಒಂದೇ ತೊಂದರೆ ಇದೆ. ಖಾಲಿ ಕೋಶ ಬಲಗಡೆಗೆ ಹಾರುತ್ತೆ, ನಿನ್ನ ಮೂಗಿನ ಮುಂದೆ ಹಾದು ಹೋಗುತ್ತೆ. ಕನ್ನಡಕ ಹಾಕಿಕೋ" ಎಂದ ಅಜ್ಜ.

ನಾನು ಆ ಬಳೆಯನ್ನೇ ನೋಡುತ್ತಿದ್ದೆ. ನೂರು ವರ್ಷಕ್ಕೂ ಹಿಂದೆ, ನನ್ನನ್ನು ಕನಸಿನಲ್ಲೂ ಕಾಣದ ಯಾವನೋ ಒಬ್ಬ ಈ ಹಿಡಿಕೆಯನ್ನು ಪಕ್ಕದಿಂದ ತೆಗೆದು ನಟ್ಟನಡುವೆ ಇಟ್ಟಿದ್ದ. ಅವನಿಗೆ ಎಡಚರ ಮೇಲೆ ಕನಿಕರವೇನೂ ಇರಲಿಕ್ಕಿಲ್ಲ. ಆದರೂ ಯಾವ ಕೈ ಎಂದು ಕೇಳದ ವಸ್ತುವೆಂದು ನನಗೆ ಜೀವನದಲ್ಲಿ ಸಿಕ್ಕದ್ದು ಇದೊಂದೇ. ಕತ್ತರಿ ಕೇಳುತ್ತದೆ, ಈಳಿಗೆ ಕೇಳುತ್ತದೆ, ಕಾಲೇಜಿನ ಕುರ್ಚಿಗೆ ಅಂಟಿಸಿದ ಹಲಗೆ ಕೇಳುತ್ತದೆ, ಉಣ್ಣುವ ಅನ್ನವೂ ಕೇಳುತ್ತದೆ. ಇದು ಕೇಳಲಿಲ್ಲ. ಇದೇ ಎಂದೆ. ಅಜ್ಜ ಹುಡುಗನಿಗೆ, "ಕಾಗದ ಪತ್ರ ತೆಗಿ" ಎಂದ.

ಕೊಳ್ಳುವ ಪರ್ಮಿಟ್ಟಿಗೆ ವಾರಗಟ್ಟಲೆ ಕಾಯಬೇಕಿತ್ತು. ಆ ನಡುವೆಯೇ ಅವ್ವ ಬಂದಳು. ಅವಳಿಗೀಗ ಎಪ್ಪತ್ತಾರು. ಹುಬ್ಬಳ್ಳಿಯಲ್ಲಿ ಅಣ್ಣನ ಮನೆಯಲ್ಲಿ ಇರುತ್ತಾಳೆ, ಸೊಸೆಯ ಜೊತೆ ಸೀರಿಯಲ್ಲು, ಮೊಮ್ಮಕ್ಕಳ ಜೊತೆ ಕೇರಮ್ಮು, ಆರಾಮಾಗಿದ್ದಾಳೆ. ಮೂರು ತಿಂಗಳಿಗೆಂದು ನನ್ನಲ್ಲಿಗೆ ಬಂದವಳು ಎರಡನೆಯ ದಿನವೇ ನಾನು ಗೋಡೆಗೆ ಬಿಗಿಸಿದ್ದ ಉಕ್ಕಿನ ಕಪಾಟು ಕಂಡುಹಿಡಿದಳು.

"ಬಂಗಾರ ಇಡಾಕೇನು?"

"ಬಂದೂಕ ಇಡಾಕವ್ವಾ."

"ಯಾರನ್ನ ಹೊಡಿಯಾಕ?"

"ಕಾಗದಾನ."

"ಕಾಗದಾ ಹೊಡಿಯಾಕ ಇಷ್ಟ ದೊಡ್ಡ ಕಪಾಟ ಬೇಕಾತ? ಸುಮ್ನ ಹರದ್ರ ಹರಿಯಂಗಿಲ್ಲೇನು?" ಎಂದಳು. ಆಮೇಲೆ ಒಂದು ಮಾತು ತೆಗೆದುಕೊಂಡಳು, ಅದರಿಂದ ಒಂದು ಇರುವೆಯನ್ನೂ ಕೊಲ್ಲಬಾರದು. ಕೊಟ್ಟೆ. ಕೊಲ್ಲುವ ಆಸೆ ನನಗೂ ಇರಲಿಲ್ಲ.

ಬಂದೂಕು ಕೈಗೆ ಬಂದ ಮೇಲೆ ಪ್ರತಿ ಶನಿವಾರ ರೇಂಜಿಗೆ ಹೋದೆ. ಮೊದಲ ವಾರ ತೂತುಗಳು ಕಾಗದದ ತುಂಬ ಚೆಲ್ಲಾಪಿಲ್ಲಿ. ಎರಡನೆಯ ವಾರ ಒಂದು ತಟ್ಟೆಯಷ್ಟು ಜಾಗಕ್ಕೆ ಬಂದವು. ನಾಲ್ಕನೆಯ ಶನಿವಾರ, ಗಾಳಿಯಿಲ್ಲದ ಬೆಳಗಿನಲ್ಲಿ, ಹತ್ತು ಗುಂಡು ಹೊಡೆದು ಕಾಗದ ತರಲು ನಡೆದೆ. ಹತ್ತಿರ ಹೋಗುತ್ತ ಹೋಗುತ್ತ ನನ್ನ ಕಾಲು ನಿಧಾನವಾಯಿತು. ಹತ್ತೂ ತೂತು ಒಂದು ಲಿಂಬೆಹಣ್ಣಿನಷ್ಟು ಜಾಗದಲ್ಲಿ ಇದ್ದವು. ಕೆಲವಂತೂ ಒಂದರೊಳಗೊಂದು. ನಾನು ಅಲ್ಲೇ ಹುಲ್ಲಿನ ಮೇಲೆ ನಿಂತು ನನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಇಷ್ಟು ವರ್ಷ ಇದು ನನ್ನ ಜೊತೆಗೇ ಇತ್ತು, ಬಕೆಟ್ಟು ಹಿಡಿಯುತ್ತಿತ್ತು, ಬಸ್ಸಿನ ಸರಳು ಹಿಡಿಯುತ್ತಿತ್ತು. ಇದಕ್ಕೆ ಇಷ್ಟೆಲ್ಲ ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮನೆಗೆ ಬಂದಾಗ ಅವ್ವ ಊಟದ ಟೇಬಲ್ಲಿನಲ್ಲಿ ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ಸೊಪ್ಪಿನ ಪಕ್ಕದಲ್ಲಿ ಕಾಗದ ಬಿಡಿಸಿಟ್ಟೆ. ಅವಳು ಕನ್ನಡಕ ಏರಿಸಿ ನೋಡಿದಳು.

"ನೀ ಹೊಡದದ್ದೇನು? ಎಲ್ಲಾ ಒಂದ ಕಡೆ ಅದಾವಲ್ಲ. ಯಾವ ಕೈಲೆ?"

"ಎಡಗೈಲೆ. ನೀ ಕಟ್ಟತಿದ್ದಿಯಲ್ಲ, ಆ ಕೈಲೆ."

ನಲವತ್ತು ವರ್ಷದ ವಿಷವೆಲ್ಲ ಆ ಒಂದು ಮಾತಿನಲ್ಲಿ ಇತ್ತು. ಅವ್ವನ ಕೈ ಸೊಪ್ಪಿನ ಮೇಲೆ ನಿಂತಿತು. ನಾನು ಗೆದ್ದಿದ್ದೆ. ಉತ್ತರ ಸಿಕ್ಕಿತ್ತು, ಕೈ ಕೆಟ್ಟದ್ದಲ್ಲ, ಕೆಡಿಸಿದವಳು ಅವ್ವ. ಗೆದ್ದ ಗಳಿಗೆಯಲ್ಲೇ ನನಗೆ ಅವಳ ಮುಖ ನೋಡಲಾಗಲಿಲ್ಲ.

ಆ ಬಿಗುವನ್ನು ಒಡೆದವಳು ಮಗಳು. ಕಣ್ಣಿನ ಪರೀಕ್ಷೆಯ ಕಥೆಯನ್ನು ಅವಳಿಗೆ ಹೇಳಿದ್ದೆ. "ಡು ಇಟ್ ಟು ಎವ್ರಿವನ್" ಎಂದು ಹಟ ಹಿಡಿದಳು. ಎಲ್ಲರೂ ಕೈ ಚಾಚಿ ಕಿಂಡಿಯಿಂದ ಗೋಡೆಯ ಗಡಿಯಾರ ನೋಡಿದೆವು. ಗಂಡನದು ಬಲಗಣ್ಣು, ಮಗಳದೂ ಬಲಗಣ್ಣು. "ಅಜ್ಜಿ, ಯುವರ್ ಟರ್ನ್" ಎಂದು ಮಗಳು ಅವ್ವನ ಕೈಗಳನ್ನು ತಾನೇ ಜೋಡಿಸಿದಳು. ಅವ್ವ ಎಡಗಣ್ಣು ಮುಚ್ಚಿದಳು.

"ಗಡಿಯಾರ ಎಲ್ಲಿ ಹೋತು?" ಎಂದಳು.

ಬಲಗಣ್ಣು ಮುಚ್ಚಿದಾಗ ಗಡಿಯಾರ ತಿರುಗಿ ಬಂತು. ಮಗಳು ಚಪ್ಪಾಳೆ ಹೊಡೆದು, ನೀವಿಬ್ಬರೂ ಸೇಮ್ ಎಂದು ಕೂಗಿದಳು. ಕಣ್ಣಿಗೂ ಕೈಗೂ ಯಾವಾಗಲೂ ತಾಳೆಯಾಗಬೇಕೆಂದಿಲ್ಲ ಎಂದು ರೇಂಜಿನ ಅಜ್ಜ ನನಗೆ ಹೇಳಿದ್ದ. ಆದರೆ ಅವ್ವ ಚಾಚಿದ ಕೈಗಳನ್ನು ಮೆಲ್ಲಗೆ ಇಳಿಸಿ ಮಡಿಲಲ್ಲಿಟ್ಟುಕೊಂಡ ರೀತಿ ನೋಡಿ ನನಗೆ ಏನೋ ಆಯಿತು. ಅವಳು ಎದ್ದು ಸೊಪ್ಪು ತೊಳೆಯಲು ಹೋದಳು. ಆಮೇಲೆ ಐದಾರು ದಿನ ಅವಳ ಮಾತು ಕಡಿಮೆಯಾಯಿತು. ನಾನೂ ಕೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ.

ಅಷ್ಟರಲ್ಲಿ ಖಂಡೆ ಪೂಜೆ ಬಂತು, ಬೆಂಗಳೂರಿನವರ ಆಯುಧ ಪೂಜೆ. ಬೆಳಿಗ್ಗೆ, ಹೊಸ ಚಾಲಕರ 'ಪಿ' ಪ್ಲೇಟ್ ಅಂಟಿಸಿದ್ದ ಪಕ್ಕದ ಮನೆಯ ಪಂಜಾಬಿ ಹುಡುಗಿಯ ಕಾರನ್ನೂ ಸೇರಿಸಿ ಅವ್ವ ಎಲ್ಲ ಗಾಡಿಗಳಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ಲಿಂಬೆಹಣ್ಣು ಇಟ್ಟಳು. ಲ್ಯಾಪ್‌ಟಾಪು, ಮಿಕ್ಸರು, ಚಾಕುಗಳಾದವು. ಎಲ್ಲದರ ಮೇಲೂ ಅದೇ ಜಾರಿದ ಗೆರೆಗಳು. ಕೊನೆಗೆ ತಟ್ಟೆ ಹಿಡಿದು ಕಪಾಟಿನ ಮುಂದೆ ನಿಂತಳು.

"ಕೀಲಿ ತೆಗಿ."

"ತೆಗಿಯೂ ಹಂಗಿಲ್ಲವ್ವಾ. ಲೈಸೆನ್ಸ್ ಇಲ್ಲದವ್ರು ಮುಟ್ಟಬಾರ್ದು. ಇಲ್ಲಿ ಕಾಯ್ದೆ ಹಂಗೈತಿ."

"ಇರ್ಲಿ ಬಿಡು. ಗುಡಿ ಬಾಗಲಾ ಹಾಕಿದ್ರ ಹೊರಗ ನಿಂತು ಕೈ ಮುಗಿಯೂದಿಲ್ಲೇನು?"

ಅವಳ ಬಲಗೈ ಬೆರಳು ವಿಭೂತಿಯ ಬಟ್ಟಲಿನ ತನಕ ಹೋಗಿ, ಅಲ್ಲಿಯೇ ನಿಂತಿತು. ಅವಳು ಎಡಗೈಯಲ್ಲಿದ್ದ ತಟ್ಟೆಯನ್ನು ಬಲಗೈಗೆ ಬದಲಾಯಿಸಿಕೊಂಡಳು. ಎಡಗೈಯ ಮೂರು ಬೆರಳುಗಳನ್ನು ವಿಭೂತಿಯಲ್ಲಿ ಅದ್ದಿದಳು. ಎಪ್ಪತ್ತಾರು ವರ್ಷದಲ್ಲಿ ಅವಳು ಆ ಕೈಯಿಂದ ದೇವರ ಕೆಲಸ ಮಾಡಿದ್ದನ್ನು ಯಾರೂ ನೋಡಿರಲಿಕ್ಕಿಲ್ಲ. ಕೈ ಮೇಲೆ ಹೋದಾಗ ಅಂಗೈಯಲ್ಲಿನ ಆ ಕಲೆ ನನ್ನ ಕಣ್ಣೆದುರಿಗೆ ಬಂತು.

"ಹಂಚಿಂದ ಐತಿ ಅದು" ಎಂದಳು ಅವ್ವ, ನನ್ನ ಕಡೆ ತಿರುಗದೆ. "ಆದ್ರ ನಾನಾಗಿ ಮುಟ್ಟಿದ್ದಲ್ಲ. ಆರು ವರ್ಷದಾಕಿ ಇದ್ದೆ. ಎಡಗೈಲೆ ರೊಟ್ಟಿ ಮುರದೆ ಅಂತ ನಮ್ಮಜ್ಜಿ ಹಿಡದು ಮುಟ್ಟಿಸಿದ್ಲು."

ಅವ್ವ ವಿಭೂತಿಯ ಬೆರಳುಗಳನ್ನು ಹಾಗೇ ಎತ್ತಿ ಹಿಡಿದಿದ್ದಳು.

"ನಿನಗ ಹಂಗ ಆಗಬಾರ್ದಂತ ಟ್ರಂಕಿನಾಗ ಭಾಳ ಹುಡುಕಿ, ಎಲ್ಲಾಕ್ಕಿಂತ ಮೆತ್ತನ್ನ ಸೀರಿ ತಗದು ಹರದೆ. ನನಗ ಅಷ್ಟ ತಿಳೀತು ನನ್ನವ್ವ. ಕಟ್ಟದ ಬಿಡಬೌದು ಅಂತ ತಿಳೀಲಿಲ್ಲ."

ಹೇಳಿ ಮುಗಿಸಿ, ಕಪಾಟಿನ ಬೂದು ಬಾಗಿಲಿನ ಮೇಲೆ ಎಡಗೈಯ ಮೂರು ಬೆರಳುಗಳನ್ನು ಒಂದೇ ಸಲಕ್ಕೆ ಎಳೆದಳು. ನಾನು ಅವಳ ಹಿಂದೆ ನಿಂತು ಅಳುತ್ತಿದ್ದೆ, ಅದಕ್ಕೇ ಮೊದಲು ಸರಿಯಾಗಿ ಕಾಣಲಿಲ್ಲ. ಕಣ್ಣೊರೆಸಿಕೊಂಡು ನೋಡಿದೆ. ಬಾಗಿಲಿನ ಈ ಅಂಚಿನಿಂದ ಆ ಅಂಚಿನವರೆಗೆ ಮೂರು ಬಿಳಿ ಗೆರೆಗಳಿದ್ದವು. ಒಂದೂ ಜಾರಿರಲಿಲ್ಲ.

ಅವ್ವ ಒಂದು ಹೆಜ್ಜೆ ಹಿಂದೆ ಸರಿದು, ಗೆರೆಗಳನ್ನೊಮ್ಮೆ, ತನ್ನ ಕೈಯನ್ನೊಮ್ಮೆ ನೋಡಿದಳು.

"ನೆಟ್ಟಗ ಬಂದಾವಲ್ಲ" ಎಂದಳು.